ಸ್ಯಾಂಪಲ್ ಮೂರು

ರೈಲಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿದ್ದೇ ತಪ್ಪಾಯಿತು ಎಂದು ಆಲಪ್ಪುಳ ದಾಟುವ ಹೊತ್ತಿಗೆ ಕೃಷ್ಣಾನಂದನಿಗೆ ಅನ್ನಿಸತೊಡಗಿತು. ಎತ್ತ ನೋಡಿದರೂ ನೀರು. ಗದ್ದೆಯೋ ಎಂದುಕೊಂಡರೆ ಅದೂ ನೀರು, ರಸ್ತೆ ಬಂತಲ್ಲ ಎಂದುಕೊಂಡರೆ ಅದರಾಚೆಗೂ ನೀರು. ನೌಕಾಪಡೆಯಲ್ಲಿ ಅರ್ಧ ಆಯುಷ್ಯ ಕಳೆದು, ಚೀಫ್ ಎನಿಸಿಕೊಂಡು, ಪಿಂಚಣಿ ತೆಗೆದುಕೊಳ್ಳುತ್ತಿರುವ ಮನುಷ್ಯ ನೀರು ಕಂಡರೆ ಮುಖ ತಿರುಗಿಸುತ್ತಾನೆ ಅಂದರೆ ಕೇಳಿದವರು ನಕ್ಕಾರು. ಯಾರೂ ಕೇಳಿಲ್ಲ, ಹಾಗಾಗಿ ಯಾರೂ ನಕ್ಕಿಲ್ಲ. ಕೊಚ್ಚಿಯ ವಲ್ಲಾರ್ಪಾಡಂನ ಒಂದು ಕಂಟೇನರ್ ಯಾರ್ಡಿನ ಗೇಟಿನಲ್ಲಿ ಈಗ ಅವನು ಸೆಕ್ಯುರಿಟಿ ಸೂಪರ್‌ವೈಸರ್. ಕ್ಯಾಬಿನ್ನಿನ ಕುರ್ಚಿಯನ್ನು ಹಿನ್ನೀರಿಗೆ ಬೆನ್ನು ಹಾಕುವಂತೆ ತಿರುಗಿಸಿಟ್ಟುಕೊಂಡಿದ್ದಾನೆ. ಲಾರಿಗಳ ಮೇಲೆ ಕಣ್ಣಿಡುವುದಕ್ಕೆ ಒಳ್ಳೆಯ ಉಪಾಯ ಎಂದು ಜೊತೆಯವರು ಹೊಗಳಿದ್ದರು, ಅವನೂ ಹೂಂ ಎಂದಿದ್ದ. ಚಹಾದವನು ಬಂದ. ಕಾಗದದ ಲೋಟದಲ್ಲಿ ಚಹಾ ತೆಗೆದುಕೊಂಡು ಕುಡಿದು, ತಳದಲ್ಲಿ ಎರಡು ಗುಟುಕು ಉಳಿದಿರುವಾಗ ಲೋಟವನ್ನು ಕಾಲಿನ ಬಳಿ ಇಟ್ಟ. ಎದುರಿನ ಮುದುಕ, "ಚಾಯ ಕೊಳ್ಳಿಲ್ಲೇ ಚೇಟ್ಟಾ?" ಎಂದು ಕೇಳಿದ, ಚಹಾ ಚೆನ್ನಾಗಿಲ್ಲವೇ ಎಂದು. ಚೆನ್ನಾಗಿದೆ, ಚೆನ್ನಾಗಿದೆ ಎಂದು ಮಲಯಾಳದಲ್ಲಿಯೇ ಹೇಳಿ ಕಿಟಕಿಯತ್ತ ತಿರುಗಿದರೆ ಮತ್ತೆ ಅದೇ ನೀರು. ಮನೆಯಲ್ಲಿ ಸುಮಿತ್ರ ಇದಕ್ಕೆ ದಿನವೂ ಗೊಣಗುತ್ತಾಳೆ. "ಕೊನೆಯ ಗುಟುಕು ಯಾರಿಗೆ ಅಂತ ಇಡುದು ನೀವು? ಲೋಟ ತೊಳೆಯುವವಳು ನಾನು, ನನಗೆ ಗೊತ್ತುಂಟು." ಮೊದಲು ಗಂಡ ಹೀಗಿರಲಿಲ್ಲ ಎಂಬುದು ಅವಳಿಗೆ ನೆನಪಿದೆಯೋ ಇಲ್ಲವೋ, ಅವನು ಕೇಳಲು ಹೋಗಿಲ್ಲ.

ಮಗಳ ಮೆಸೇಜು ಬಂದಿತ್ತು, ಇಂಗ್ಲಿಷಿನಲ್ಲಿ: ಇಸ್ತ್ರಿ ಮಾಡಿದ ಶರ್ಟ್ ತಾನೆ ಅಪ್ಪ? ಹೌದು, ಇಸ್ತ್ರಿ ಮಾಡಿದ್ದೇ. ಶರ್ಟಿಗೆ ಏನು ಕೊರತೆ. ಪ್ರತೀಕ್ಷಾ ತಿರುವನಂತಪುರದ ಐಟಿ ಪಾರ್ಕಿನಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ನಿವೃತ್ತ ಸೈನಿಕರು ಆಸ್ಪತ್ರೆಗೆ ಬಂದಾಗ ಡಾಕ್ಟರ ಬಾಗಿಲಲ್ಲಿ ಸುಮ್ಮನೆ ಕೂತಿರುವ ಬದಲು ಕೈಗೊಂದು ಟ್ಯಾಬ್ ಕೊಡುವುದು, ನಿದ್ರೆ ಹೇಗಿದೆ, ಊಟ ಸೇರುತ್ತದೆಯೇ, ಮನಸ್ಸು ಹೇಗಿದೆ ಎಂದು ಅದು ಕೇಳುವುದು, ಬೆರಳಲ್ಲಿ ಒತ್ತಿದ್ದನ್ನು ಲೆಕ್ಕ ಹಾಕಿ ಒಳಗಿರುವ ಡಾಕ್ಟರಿಗೆ ಹಸಿರೋ ಹಳದಿಯೋ ಕೆಂಪೋ ಎಂದು ತಿಳಿಸುವುದು. ಇದು ಅವಳ ತಂಡ ಮಾಡಿದ ಕೆಲಸ. ಈ ದಿನ ಅಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ಅದನ್ನು ಮೊದಲ ಸಲ ತೋರಿಸುತ್ತಾರೆ. ಕೆಲವು ಮಾಜಿ ಸೈನಿಕರು ಕೂತು ಒತ್ತಿ ನೋಡಬೇಕು. ಅವರಲ್ಲಿ ಅಪ್ಪನೂ ಒಬ್ಬನಾಗಲಿ ಎಂಬುದು ಅವಳ ಆಸೆ. "ನನ್ನ ಅಪ್ಪ ಅಂತ ಹೇಳ್ಬೇಕು ನಂಗೆ ಎಲ್ಲರಿಗೂ," ಎಂದಿದ್ದಳು ಫೋನಿನಲ್ಲಿ. ಮಗಳು ಅಷ್ಟು ಹೇಳಿದ ಮೇಲೆ ಬರುವುದಿಲ್ಲ ಎನ್ನುವ ಅಪ್ಪ ಯಾರಿದ್ದಾನೆ? ಬರುತ್ತೇನೆ ಎಂದ. ಆಮೇಲೆ ತಪ್ಪಿಸಿಕೊಳ್ಳುವ ದಾರಿ ಹುಡುಕಿದ್ದ. ಏಕೆಂದರೆ ಆ ಟ್ಯಾಬಿಗೆ ಅವನು ಒಮ್ಮೆ ನಿಜ ಹೇಳಿಬಿಟ್ಟಿದ್ದಾನೆ. ಹೆಂಡತಿಗೆ ಹೇಳದ್ದು, ದೇವರ ಮುಂದೆ ನಿಂತಾಗಲೂ ಮನಸ್ಸಿನಲ್ಲಿ ಪೂರ್ತಿ ಹೇಳದ್ದು ಅದರೊಳಗೆ ಹೋಗಿ ಕೂತಿದೆ. ಅದು ಯಾರಿಗೂ ತಿಳಿಯಬಾರದು. ಯಾರಿಗೂ ತಿಳಿಯದೆಯೇ ಹೋದರೆ ಇನ್ನೆಷ್ಟು ಕಾಲ ತಾನು ಹೀಗೆ ಇಸ್ತ್ರಿ ಶರ್ಟ್ ಹಾಕಿಕೊಂಡು ಓಡಾಡಿಯೇನು ಎಂಬುದೂ ಅವನಿಗೆ ಗೊತ್ತಿಲ್ಲ.

ಕಳೆದ ತಿಂಗಳು ಅವಳು ಕೊಚ್ಚಿಯ ಮನೆಗೆ ಬಂದಿದ್ದಾಗಿನ ಮಾತು. ಭಾನುವಾರ, ಸುಮಿತ್ರ ಒಳಗೆ ದೋಸೆಗೆ ಅರೆಯುತ್ತಿದ್ದಳು, ವಿಲ್ಲಿಂಗ್ಡನ್ ಐಲ್ಯಾಂಡಿನ ಕಡೆಯಿಂದ ಹಡಗೊಂದು ಕೂಗಿದ್ದು ಕೇಳಿಸಿತ್ತು. ಪ್ರತೀಕ್ಷಾ ಟ್ಯಾಬನ್ನು ಊಟದ ಮೇಜಿನ ಮೇಲೆ ಅವನ ಮುಂದಿಟ್ಟಳು. "ಅಪ್ಪ, ಕನ್ನಡ ವರ್ಶನ್ ಕೂಡ ಹಾಕಿದ್ದೇವೆ. ಮೆಶೀನ್ ಟ್ರಾನ್ಸ್‌ಲೇಶನ್. ಸರಿ ಉಂಟಾ ನೋಡಿ. ನಂಗೆ ಅಕ್ಷರ ಕೂಡಿಸಿ ಕೂಡಿಸಿ ಓದುವಾಗ ರಾತ್ರಿ ಆಗ್ತದೆ." ಕೇರಳದಲ್ಲೇ ಬೆಳೆದ ಮಗು, ಕನ್ನಡ ಕಿವಿಗೆ ಬಂದಷ್ಟು ಕಣ್ಣಿಗೆ ಬಂದಿಲ್ಲ. ಅವನು ಕನ್ನಡಕ ಏರಿಸಿ ಓದಿದ. ಅಯ್ಯೋ ದೇವರೇ, ಅದು ಯಾವ ಕನ್ನಡ! ನಿದ್ರೆಯ ಬಗ್ಗೆ ಕೇಳಿದ್ದು ಹಾಸಿಗೆ ಮಾರುವವನ ಜಾಹೀರಾತಿನ ಹಾಗಿತ್ತು. ಒಂದೊಂದನ್ನೇ ಬಿಡಿಸಿ, ಮನುಷ್ಯರು ಮನುಷ್ಯರನ್ನು ಕೇಳುವ ಹಾಗೆ ತಿರುಗಿ ಬರೆಸಿದ. ಅವನು ಹೇಳುತ್ತ ಹೋದಂತೆ ಫೋನು ತಾನೇ ಅಕ್ಷರ ಮೂಡಿಸುತ್ತ ಹೋಯಿತು. ಕೊನೆಯ ಪ್ರಶ್ನೆ ಬಂದಾಗ ನಿಂತ. ನೀವು ಸತ್ತಿದ್ದರೆ ಉತ್ತಮವಾಗಿರುತ್ತಿತ್ತು ಎಂದು ಯೋಚಿಸುತ್ತೀರಾ, ಎಂದಿತ್ತು ಅಲ್ಲಿ. "ಹೀಗೆ ಕೇಳಿದ್ರೆ ಯಾರು ಹೌದು ಅಂತಾರೆ ಮಾರಾಯ್ತಿ," ಎಂದು ಗೊಣಗಿ, ಬೇರೆ ಹೇಳಿದ. ನಾನಿಲ್ಲದಿದ್ದರೆ ಮನೆಯವರಿಗೆಲ್ಲ ಹಗುರ ಎಂದು ಅನ್ನಿಸುವುದುಂಟೇ? ಅವಳು "ಸೂಪರ್" ಎಂದು ಅದನ್ನೇ ಹಾಕಿಕೊಂಡಳು, ಓದದೆ. ಡಾಕ್ಟರಿಗೆ ತೋರಿಸಿ ಒಪ್ಪಿಸುತ್ತೇನೆ ಎಂದಳು. ಆಮೇಲೆ, "ಈಗ ನೀವೇ ಒಮ್ಮೆ ಪೂರಾ ಮಾಡಿ ನೋಡಿ ಅಪ್ಪ. ಸುಮ್ನೆ ಟೆಸ್ಟಿಂಗ್. ಎಲ್ಲಿಗೂ ಹೋಗುದಿಲ್ಲ. ಮನಸ್ಸಿಗೆ ಬಂದ ಹಾಗೆ ಒತ್ತಿ."

ಆ ಒಂದು ಮಾತಿನಲ್ಲೇ ಅವನು ಸಿಕ್ಕಿಬಿದ್ದದ್ದು. ಹಡಗಿನಲ್ಲಿ ದಿನ ಬೆಳಗಾದರೆ ಕವಾಯತು. ಬೆಂಕಿಯ ಕವಾಯತು, ನೀರು ನುಗ್ಗಿದ ಕವಾಯತು, ಆಳು ಸಮುದ್ರಕ್ಕೆ ಬಿದ್ದ ಕವಾಯತು. ನಿಜವೆಂದು ಯಾರೂ ಗಾಬರಿಯಾಗದಿರಲಿ ಎಂದು ಸ್ಪೀಕರಿನಲ್ಲಿ ಮೊದಲು 'ಫಾರ್ ಎಕ್ಸರ್‌ಸೈಜ್' ಎಂದು ಮೂರು ಸಲ ಕೂಗುತ್ತಾರೆ. ಹಾಗೆ ಕೂಗಿದ ಮೇಲೆ ಏನು ಹೇಳಿದರೂ ಶಿಕ್ಷೆಯಿಲ್ಲ. ಹಡಗು ಮುಳುಗುತ್ತಿದೆ ಎನ್ನಬಹುದು, ಅರ್ಧ ಜನ ಸತ್ತರು ಎನ್ನಬಹುದು. ಹೇಳಿ ಮುಗಿಸಿ ಊಟಕ್ಕೆ ಹೋಗಬಹುದು. ಕವಾಯತಿನ ನಡುವೆ ನಿಜವಾಗಿಯೇ ಏನಾದರೂ ಆದರೆ ಅದಕ್ಕೆ ಬೇರೆ ಮಾತು: ಸೇಫ್‌ಗಾರ್ಡ್. ಅದನ್ನೂ ಮೂರು ಸಲ. ಆ ಮಾತು ಕಿವಿಗೆ ಬಿದ್ದರೆ ಕವಾಯತು ಅಲ್ಲಿಗೇ ನಿಂತಿತು, ಯಾಕೆ ಏನು ಎಂದು ಯಾರೂ ಕೇಳುವಂತಿಲ್ಲ. ಅದು ಮನೆಯೊಳಗೂ ಬಂದಿತ್ತು. ಮಲಯಾಳ ಪರೀಕ್ಷೆಯ ದಿನ ಪುಟ್ಟ ಪ್ರತೀಕ್ಷಾಳಿಗೆ ತಪ್ಪದೆ ಹೊಟ್ಟೆನೋವು, ಅವನು ಹೊದಿಕೆ ಸರಿಸಿ, "ಎಕ್ಸರ್‌ಸೈಜಾ, ಸೇಫ್‌ಗಾರ್ಡಾ?" ಎಂದು ಕೇಳುತ್ತಿದ್ದ, ಅವಳು ಕಿಸಕ್ಕನೆ ನಕ್ಕು ಎದ್ದು ಹಲ್ಲುಜ್ಜಲು ಹೋಗುತ್ತಿದ್ದಳು. ಒಂದು ಸಲ ಮಾತ್ರ ನಗಲಿಲ್ಲ. ಮೊಣಕಾಲು ಎದೆಗೆ ಹಚ್ಚಿಕೊಂಡು ಸೇಫ್‌ಗಾರ್ಡ್ ಎಂದು ಮೂರು ಸಲ ಎಣಿಸಿ ಹೇಳಿತು ಮಗು. ಅವನು ಚಪ್ಪಲಿಯನ್ನೂ ಹಾಕದೆ ಎತ್ತಿಕೊಂಡು ಓಡಿದ್ದ. ಅಪೆಂಡಿಕ್ಸ್ ಒಡೆಯುವುದರಲ್ಲಿತ್ತು ಎಂದರು ಆಸ್ಪತ್ರೆಯಲ್ಲಿ.

ಸುಮ್ನೆ ಟೆಸ್ಟಿಂಗ್ ಎಂದಳಲ್ಲ, ಹಾಗಾಗಿ ಒತ್ತಿದ. ನಿದ್ರೆ: ಬಹುತೇಕ ಎಲ್ಲ ದಿನ ಇಲ್ಲ. ಯಾವುದರಲ್ಲೂ ಮನಸ್ಸಿಲ್ಲದಿರುವುದು: ಬಹುತೇಕ ಎಲ್ಲ ದಿನ. ತಾನು ಕೆಲಸಕ್ಕೆ ಬಾರದವನು ಎನ್ನಿಸುವುದು: ಹೂಂ. ಬೆರಳು ತಾನಾಗಿ ಹೋಗುತ್ತಿತ್ತು, ಎಷ್ಟೋ ಕಾಲದಿಂದ ಮೂತ್ರ ಕಟ್ಟಿದ್ದವನಿಗೆ ಬಿಡುಗಡೆ ಸಿಕ್ಕಿದ ಹಾಗೆ. ಕೊನೆಯ ಪ್ರಶ್ನೆಯಲ್ಲಿ ತನ್ನದೇ ಮಾತು ತನ್ನನ್ನು ನೋಡುತ್ತ ಕೂತಿತ್ತು. ಹಗುರ ಎಂದು ಅನ್ನಿಸುವುದುಂಟೇ? ಬೆರಳು ಗಾಜಿನ ಮೇಲೆ ನಿಂತುಬಿಟ್ಟಿತು. ಒಳಗೆ ಅರೆಯುವ ಕಲ್ಲು ತಿರುಗುತ್ತಿತ್ತು, ಪಕ್ಕದಲ್ಲಿ ಚಹಾ ಆರುತ್ತಿತ್ತು, ಎದುರಿಗೆ ಮಗಳು ಲ್ಯಾಪ್‌ಟಾಪಿನೊಳಗೆ ಮುಖ ಹುದುಗಿಸಿ ಏನೋ ಕುಟ್ಟುತ್ತಿದ್ದಳು. ಎಷ್ಟು ಹೊತ್ತು ಹಾಗೆ ಕೂತನೋ. ಒತ್ತಿದ. ಅವಳ ಲ್ಯಾಪ್‌ಟಾಪು ಟಿಂಗ್ ಎಂದಿತು. ಪ್ರತೀಕ್ಷಾ ಬಗ್ಗಿ ನೋಡಿದಳು, ಕಣ್ಣರಳಿಸಿದಳು, ಜೋರಾಗಿ ನಕ್ಕಳು. "ಅಪ್ಪಾ! ಪೂರಾ ರೆಡ್! ಅಲರ್ಟ್ ಬರ್ತದಾ ಅಂತ ಚೆಕ್ ಮಾಡಿದ್ದಾ? ನಮ್ಮ ಟೆಸ್ಟಿಂಗ್ ಟೀಮಿಗಿಂತ ನೀವೇ ಬೆಸ್ಟ್!" ಎದ್ದು ಬಂದು ಅವನ ತಲೆಗೆ ಮುತ್ತು ಕೊಟ್ಟಳು. ಅವನೂ ನಕ್ಕ. ಇನ್ನೇನು ಮಾಡುತ್ತಾನೆ? ಜೀವ ಬದುಕಿತು ಎಂದು ಒಂದು ಕಡೆ ಅನ್ನಿಸಿತು. ಇನ್ನೊಂದು ಕಡೆ, ಇಷ್ಟು ಹತ್ತಿರ ಕೂತಿದ್ದಾಳೆ, ಹೆತ್ತ ಮಗಳು, ಇವಳಿಗೂ ಕೇಳಿಸಲಿಲ್ಲವಲ್ಲ ಎಂದೂ ಅನ್ನಿಸಿತು. ನಿಜವಾದ ಕೂಗನ್ನು ಕವಾಯತು ಎಂದುಕೊಳ್ಳುವುದು ಈ ಮನೆತನದ ರೋಗವೇ ಇರಬೇಕು. ಅವಳು ಲೋಟ ಎತ್ತಿಕೊಂಡು ಹೋಗಿ ಉಳಿದ ಚಹಾವನ್ನು ಸಿಂಕಿಗೆ ಚೆಲ್ಲಿದಳು.

ಕ್ಲಿನಿಕ್ಕಿನ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಬಿಳಿ ಪರದೆ, ಫೆನಾಯಿಲಿನ ವಾಸನೆ. ಅವನ ಹಾಗೆಯೇ ಇಸ್ತ್ರಿ ಶರ್ಟಿನ ನಾಲ್ಕಾರು ಮಂದಿ ಆಗಲೇ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ. ಮುಂದಿನ ಸಾಲಿನಲ್ಲಿ ಬಿಳಿ ಮೀಸೆಯ ನಿವೃತ್ತ ಕರ್ನಲ್ ಒಬ್ಬರು. ಪಕ್ಕದಲ್ಲಿ ಮನೋವೈದ್ಯೆ, ಡಾಕ್ಟರ್ ಇಂದುಮತಿ, ಬೂದು ಸೀರೆಯ ಸಣ್ಣ ಹೆಂಗಸು. ಪ್ರತೀಕ್ಷಾ ಅಪ್ಪನನ್ನು ಕೈಹಿಡಿದು ಕರೆದೊಯ್ದು ಎಲ್ಲರಿಗೂ ತೋರಿಸಿದಳು. "ಮೈ ಫಾದರ್. ಚೀಫ್ ಪೆಟಿ ಆಫೀಸರ್. ನಮ್ಮ ಕನ್ನಡ ಪೂರಾ ಇವರದ್ದೇ." ಕರ್ನಲ್ ಕೈ ಕುಲುಕಿ, ಗಟ್ಟಿಮುಟ್ಟಾಗಿದ್ದೀರಿ ಚೀಫ್, ಎಂದರು. ಗಟ್ಟಿಮುಟ್ಟು! ಕೃಷ್ಣಾನಂದನಿಗೆ ತನ್ನ ಕೈ ಬೆವತಿದೆ ಎಂದು ನಾಚಿಕೆಯಾಯಿತು. ಹಿಂದಿನ ಸಾಲಿನಲ್ಲಿ ಹೋಗಿ ಕೂತ. ದೀಪ ಆರಿಸಿದರು. ಮಗಳ ಜೊತೆ ಕೆಲಸ ಮಾಡುವ ಇರ್ಫಾನ್, ಕೋಯಿಕ್ಕೋಡಿನ ಹುಡುಗ, ಚುರುಕು ಮಾತಿನವನು, ಇಂಗ್ಲಿಷಿನಲ್ಲಿ ಶುರು ಮಾಡಿದ. ಒಂದು ಹಸಿರು ಉದಾಹರಣೆ ತೋರಿಸಿದ, ಸ್ಯಾಂಪಲ್ ಒಂದು. ಹಳದಿಯದ್ದೊಂದು ತೋರಿಸಿದ, ಸ್ಯಾಂಪಲ್ ಎರಡು. "ಈಗ ನೋಡಿ ನಮ್ಮ ರೆಡ್," ಎಂದು ಗುಂಡಿ ಒತ್ತಿದ. ಗೋಡೆಯ ತುಂಬ ಕನ್ನಡ.

ಕೃಷ್ಣಾನಂದ ಕನ್ನಡಕ ಏರಿಸಿ ನೋಡಿದ, ಅಂದು ಊಟದ ಮೇಜಿನಲ್ಲಿ ತಾನು ಒತ್ತಿದ್ದೇ. ಸ್ಯಾಂಪಲ್ ಮೂರು, ಹೆಸರಿಲ್ಲ. ಗಂಡಸು, ಐವತ್ತರ ಮೇಲೆ. ಒಂದೊಂದೇ ಉತ್ತರ, ಎಲ್ಲದಕ್ಕೂ ಕೆಂಪು ಚುಕ್ಕೆ, ಎಲ್ಲಕ್ಕೂ ಕೆಳಗೆ ಅವನ ಮಾತು ಆಳೆತ್ತರದ ಅಕ್ಷರಗಳಲ್ಲಿ: ನಾನಿಲ್ಲದಿದ್ದರೆ ಮನೆಯವರಿಗೆಲ್ಲ ಹಗುರ. ಆ ಹಾಲಿನಲ್ಲಿ ಅದನ್ನು ಸಲೀಸಾಗಿ ಓದಬಲ್ಲವನು ಅವನೊಬ್ಬನೇ. ಬಟ್ಟೆ ಬಿಚ್ಚಿ ನಿಲ್ಲಿಸಿದ್ದಾರೆ, ಆದರೆ ಸುತ್ತಲಿದ್ದವರೆಲ್ಲ ಕುರುಡರು, ಹಾಗಿತ್ತು. ಇದು ಕನ್ನಡ ವರ್ಶನ್, ಭಾಷೆ ಬೇರೆಯಾದರೂ ಲೆಕ್ಕ ಒಂದೇ ಎಂದು ಇರ್ಫಾನ್ ವಿವರಿಸುತ್ತಿದ್ದ. ಕರ್ನಲ್ ನಕ್ಕರು. "ಇಷ್ಟೆಲ್ಲ ಒತ್ತುವವನು ಫೌಜಿಯೇ ಅಲ್ಲ ಬಿಡಿ. ನಮ್ಮವರು ಕಾಲು ಮುರಿದಿದ್ದರೂ ಠೀಕ್ ಹೈ ಸರ್ ಅನ್ನುತ್ತಾರೆ." ಕೂತಿದ್ದವರೂ ನಕ್ಕರು, ಹೌದು ಹೌದು ಎಂದರು. ಕೃಷ್ಣಾನಂದನೂ ನಕ್ಕ, ತುಟಿ ಹಲ್ಲಿಗೆ ಅಂಟಿಕೊಂಡಿತು. ಡಾಕ್ಟರ್ ಇಂದುಮತಿ ಮಾತ್ರ ನಗದೆ ಪರದೆಯನ್ನು ನೋಡುತ್ತಿದ್ದರು. "ಸ್ಯಾಂಪಲ್ ಆಗಲಿ ಏನಾಗಲಿ," ಎಂದರು ಮೆಲ್ಲಗೆ, "ಇದು ನನ್ನ ಮೇಜಿಗೆ ಬಂದರೆ ಆ ಮನುಷ್ಯನೊಬ್ಬನನ್ನೇ ನಾನು ಮನೆಗೆ ಕಳಿಸುವುದಿಲ್ಲ."

"ಅದಕ್ಕೇ ಮೇಡಂ ನಾವು ಇನ್ನೊಂದು ಸೇರಿಸಿದ್ದೇವೆ," ಎಂದ ಇರ್ಫಾನ್, ಮಾತಿನ ಎಳೆ ಸಿಕ್ಕಿದ ಖುಷಿಯಲ್ಲಿ. ಕರ್ನಲ್ ಸರ್ ಹೇಳಿದ ಹಾಗೆ ಎಲ್ಲದಕ್ಕೂ ಸೊನ್ನೆ ಒತ್ತಿ ಎದ್ದು ಹೋಗುವವರಿದ್ದಾರೆ; ಹಾಗಾಗಿ ಒಂದೊಂದು ಪ್ರಶ್ನೆಯ ಮುಂದೆ ಎಷ್ಟು ಹೊತ್ತು ಕೂತರು ಎಂಬುದನ್ನೂ ಇದು ಗಮನಿಸುತ್ತದೆ. ಗುಂಡಿ ಒತ್ತಿದ. ಪ್ರಶ್ನೆಗಳ ಪಕ್ಕ ನೀಲಿ ಪಟ್ಟಿಗಳು ಮೂಡಿದವು, ಎಲ್ಲವೂ ಬೆರಳಷ್ಟು ಉದ್ದ. ಕೊನೆಯದು ಮಾತ್ರ ಬೆಳೆಯುತ್ತ ಬೆಳೆಯುತ್ತ ಪರದೆಯ ಅಂಚು ಮುಟ್ಟಿ, ಅಲ್ಲಿಯೂ ಜಾಗ ಸಾಲದೆ ಬಾಣದ ಗುರುತಾಗಿ ನಿಂತಿತು. ಇರ್ಫಾನನಿಗೇ ಇರುಸುಮುರುಸಾಗಿರಬೇಕು. "ಇದು ಟೆಸ್ಟ್ ಡೇಟಾ ಅಲ್ಲವಾ, ನಮ್ಮ ಟೆಸ್ಟರ್ ಈ ಪ್ರಶ್ನೆ ಬಂದಾಗ ಚಹಾ ಕುಡಿಯಲು ಹೋಗಿರಬೇಕು," ಎಂದ. ಹಾಲು ಗೊಳ್ಳೆಂದು ನಕ್ಕಿತು.

ಚಹಾ. ಹಡಗಿನ ಮೆಸ್ಸಿನ ಉಕ್ಕಿನ ಮೇಜು, ಅದಕ್ಕೆ ಕಟ್ಟಿದ ಅಂಚು, ಅಂಚಿಗೆ ತಾಗಿ ಕುಲುಕುವ ಲೋಟ. ನಾಲ್ಕು ಗಂಟೆಯ ಚಹಾ. ಬೆಳಗಿನಿಂದ ಆಳು ಬಿದ್ದ ಕವಾಯತೇ ನಡೆದಿತ್ತು. ಬಟ್ಟೆ ತುರುಕಿದ ಗೊಂಬೆಯನ್ನು ನೀರಿಗೆಸೆಯುವುದು, ದೋಣಿ ಇಳಿಸಿ ಎತ್ತಿ ತರುವುದು, ಮತ್ತೆ ಎಸೆಯುವುದು. ಎಲ್ಲರಿಗೂ ತಲೆ ಚಿಟ್ಟು ಹಿಡಿದಿತ್ತು. ಸ್ಪೀಕರು ಕರಕರ ಎಂದು ಮತ್ತೆ ಕೂಗಿತು, ಆಳು ಬಿದ್ದಿದ್ದಾನೆ, ಎಡಗಡೆ. ಕೂಗಿನ ಮೊದಲ ತುಂಡು, ಎಕ್ಸರ್‌ಸೈಜೋ ಸೇಫ್‌ಗಾರ್ಡೋ, ಯಂತ್ರದ ಸದ್ದಿನಲ್ಲಿ ನುಂಗಿ ಹೋಗಿತ್ತು. ಇವರ ಗೊಂಬೆಗಿಷ್ಟು ಬೆಂಕಿ ಹಾಕ ಎಂದು ಬೈದು ಕೃಷ್ಣಾನಂದ ಚಹಾ ಕುಡಿದ. ಬಿಸಿಯಿತ್ತು, ಊದಿ ಊದಿ ಕುಡಿದ, ತಳದ ಸಕ್ಕರೆಯನ್ನೂ ಬಿಡದೆ ಕುಡಿದ, ಬಾಯಿ ಒರೆಸಿಕೊಂಡ, ಮೇಲೆ ಹೋದ. ಡೆಕ್ಕಿನ ಮೇಲೆ ಎಲ್ಲರೂ ಕಂಬಿಯಾಚೆ ಬಾಗಿ ನೀರನ್ನೇ ನೋಡುತ್ತಿದ್ದರು. ಗೊಂಬೆ ಹಗ್ಗದ ಸುರುಳಿಯ ಪಕ್ಕ ಒದ್ದೆಯಾಗಿ ಬಿದ್ದುಕೊಂಡಿತ್ತು. ಹಾಗಾದರೆ ನೀರಿನಲ್ಲಿರುವುದು ಯಾರು? ವಿನ್ಸೆಂಟ್. ಶಿರ್ವದ ವಿನ್ಸೆಂಟ್, ಆ ಹಡಗಿನಲ್ಲಿ ಅವನೊಡನೆ ಕನ್ನಡ ಮಾತಾಡುತ್ತಿದ್ದ ಒಬ್ಬನೇ ಒಬ್ಬ, ಮಳೆಗಾಲದಲ್ಲಿ ಹಲಸಿನ ಹಪ್ಪಳ ನೆನೆಸಿಕೊಂಡು ನಿಟ್ಟುಸಿರು ಬಿಡುತ್ತಿದ್ದವನು. ಕಾಲು ಜಾರಿತು ಎಂದು ವಿಚಾರಣೆ ಹೇಳಿತು. ನೀನು ಓಡಿ ಬಂದಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದು ಎಲ್ಲರೂ ಹೇಳಿದರು. ಅದು ಅವನಿಗೂ ಗೊತ್ತು. ಗೊತ್ತಿದ್ದೂ ಆ ಚಹಾದ ರುಚಿ ನಾಲಿಗೆಯಿಂದ ಹೋಗಲಿಲ್ಲ. ರುಚಿಯಾಗಿತ್ತು, ಅದೇ ಸಂಕಟ. ಪರದೆಯ ಬೆಳಕಿನಲ್ಲಿ ಪ್ರತೀಕ್ಷಾ ನಿಂತಿದ್ದಳು. ಅವಳು ನಗುತ್ತಿರಲಿಲ್ಲ. ಗೋಡೆಯ ಮೇಲಿನ ಅಕ್ಷರಗಳನ್ನು ತುಟಿ ಅಲ್ಲಾಡಿಸುತ್ತ ಒಂದೊಂದಾಗಿ ಕೂಡಿಸುತ್ತಿದ್ದಳು, ನಾ, ನಿ, ಲ್ಲ. ಕೊನೆಗೆ ತಲೆ ತಿರುಗಿಸಿ ಕತ್ತಲಲ್ಲಿ ಹಿಂದಿನ ಸಾಲನ್ನು ಹುಡುಕಿದಳು. ಅವನು ಬಗ್ಗಿ ಬೂಟಿನ ಲೇಸು ಬಿಗಿದ.

ದೀಪ ಹಾಕಿ ಎಲ್ಲರಿಗೂ ಟ್ಯಾಬ್ ಹಂಚಿದರು. ಇದು ಟೆಸ್ಟಿಂಗ್ ಅಲ್ಲ, ನಿಮ್ಮ ಹೆಸರಿನಲ್ಲೇ ದಾಖಲಾಗುತ್ತದೆ, ಡಾಕ್ಟರ್ ಮಾತ್ರ ನೋಡುತ್ತಾರೆ, ಎಂದು ಇರ್ಫಾನ್ ಹೇಳಿದ. ಕೃಷ್ಣಾನಂದ ಇಂಗ್ಲಿಷನ್ನೇ ಆರಿಸಿಕೊಂಡ. ಕನ್ನಡದ ಆ ವಾಕ್ಯವನ್ನು ಮತ್ತೆ ಎದುರಿಸುವ ಧೈರ್ಯ ಇರಲಿಲ್ಲ. ಇಲ್ಲ, ಇಲ್ಲ, ಇಲ್ಲ, ಒಂದೂ ಇಲ್ಲ. ಸೆಲ್ಯೂಟ್ ಹೊಡೆದಷ್ಟು ಸಲೀಸಾಗಿ ಮುಗಿಯಿತು. ಹಸಿರು ಟಿಕ್ ಬಂದು ಧನ್ಯವಾದ ಹೇಳಿತು. ಪಕ್ಕದವನದ್ದೂ ಹಸಿರು, ಅವನ ಆಚೆಯವನದ್ದೂ ಹಸಿರು. ಕರ್ನಲ್ ಬೆನ್ನು ತಟ್ಟಿದರು. ಚಹಾ, ಪಯಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ಬಂದವು. ಪ್ರತೀಕ್ಷಾ ಇರ್ಫಾನನ ಕಿವಿಯಲ್ಲಿ ಏನೋ ಹೇಳಿ, ಚೀಲ ಹೆಗಲಿಗೇರಿಸಿ ಬಂದಳು. "ಅಮ್ಮ ಮೆಣಸು ತರ್ಲಿಕ್ಕೆ ಹೇಳಿದ್ದಾಳಲ್ಲ ಅಪ್ಪ? ಚಾಲೈ ಮಾರ್ಕೆಟಿಗೆ ಹೋಗುವಾ. ಆಮೇಲೆ ನಿಮ್ಮನ್ನು ಟ್ರೈನಿಗೆ ಬಿಡ್ತೇನೆ." ಅವಳ ಕಣ್ಣು ಅವನ ಕೈಯಲ್ಲಿದ್ದ ಲೋಟದ ಮೇಲಿತ್ತು, ತಳದಲ್ಲಿ ಉಳಿದ ಎರಡು ಗುಟುಕಿನ ಮೇಲೆ.

ಆಟೋ ಹತ್ತಿದರು. ಏನಾದರೂ ಕೇಳಲಿ ಎಂದು ಅವನು ಕಾದ. ಕೇಳದಿರಲಿ ದೇವರೇ ಎಂದೂ ಬೇಡಿಕೊಂಡ. ಕೇಳಿದರೆ ಹೇಳುವುದಕ್ಕೆ ಉತ್ತರ ತಯಾರಿತ್ತು: ಅಲರ್ಟ್ ಬರ್ತದಾ ಅಂತ ನೋಡಿದ್ದು ಮಾರಾಯ್ತಿ, ಮತ್ತೆಂತದು? ಚಾಲೈಯಲ್ಲಿ ಕಾಲಿಡಲು ಜಾಗವಿಲ್ಲ, ಕೈಗಾಡಿಯವರು ತಮ್ಮ ಅವಸರದಲ್ಲಿ ಬೆನ್ನಿಗೇ ಗುದ್ದುತ್ತಾರೆ. ಊರಿನ ಅಡುಗೆಗೆ ಬೇಕಾದ ಬ್ಯಾಡಗಿ ಮೆಣಸು ಸಿಗುವ ಅಂಗಡಿಯೊಂದು ಒಳಗಿನ ಓಣಿಯಲ್ಲಿದೆ. ಇಲ್ಲಿಯ ಮೆಣಸು ಬರೀ ಖಾರ, ಬಣ್ಣವಿಲ್ಲ, ಎಂದು ಸುಮಿತ್ರ ಕೊಚ್ಚಿಗೆ ಬಂದಂದಿನಿಂದ ದೂರುತ್ತಾಳೆ. ಅಂಗಡಿಯವನು ಗೋಣಿಯ ಬಾಯಿ ಬಿಚ್ಚಿದ. ಘಾಟು ಎದ್ದು ಮೂಗಿಗೆ ಹೊಡೆಯಿತು. ಅವನು ಸೀನಿದ, ಅವಳೂ ಸೀನಿದಳು, ಇಬ್ಬರ ಕಣ್ಣಲ್ಲೂ ನೀರು. ಅಂಗಡಿಯವನು ತಕ್ಕಡಿಗೆ ಮೆಣಸು ಸುರಿಯುತ್ತ, ಇಷ್ಟು ಸಾಕಾ ಎಂದು ಮಲಯಾಳದಲ್ಲಿ ಕೇಳಿದ.

"ಆ ದಿನ ನೀವು ಚಹಾ ಕುಡೀಲಿಕ್ಕೆ ಎದ್ದು ಹೋಗ್ಲಿಲ್ಲ ಅಪ್ಪ," ಎಂದಳು ಪ್ರತೀಕ್ಷಾ. ಅವಳು ತಕ್ಕಡಿಯನ್ನೇ ನೋಡುತ್ತಿದ್ದಳು. "ನಾನು ಎದುರಿಗೇ ಕೂತಿದ್ದೆ. ನೀವು ಎಲ್ಲಿಗೂ ಹೋಗ್ಲಿಲ್ಲ." ಅವನು ಕರ್ಚೀಫು ತೆಗೆದು ಮೂಗು ಒರೆಸಿದ. ತಯಾರಿದ್ದ ಉತ್ತರವನ್ನು ಹುಡುಕಿದ. ಅವಳು ತಿರುಗಿದಳು. ಕಣ್ಣು ಕೆಂಪಗಾಗಿತ್ತು, ಅದು ಮೆಣಸಿನಿಂದಲೋ ಏನೋ. ಪರೀಕ್ಷೆಯ ದಿನ ಹೊದಿಕೆ ಸರಿಸಿದಾಗ ಕಾಣುತ್ತಿದ್ದ ಮುಖವೇ, ಆದರೆ ಈಗ ಹೊದಿಕೆಯೊಳಗೆ ಇರುವವನು ತಾನು. "ಎಕ್ಸರ್‌ಸೈಜಾ ಅಪ್ಪ," ಎಂದು ಕೇಳಿದಳು, "ಸೇಫ್‌ಗಾರ್ಡಾ?"

ಎಕ್ಸರ್‌ಸೈಜ್ ಎನ್ನಲು ಬಾಯಿ ತೆರೆದ. ಅಷ್ಟು ಹೇಳಿದರೆ ಮುಗಿಯಿತು. ಅವಳು ನಗುತ್ತಾಳೆ, ಮೆಣಸು ಕಟ್ಟಿಸಿಕೊಂಡು ರೈಲು ಹತ್ತುವುದು, ನಾಳೆ ಗೇಟು, ನೀರಿಗೆ ಬೆನ್ನು ಹಾಕಿದ ಕುರ್ಚಿ, ಯಾವುದೋ ಒಂದು ದಿನ ಆ ಕುರ್ಚಿಯನ್ನು ಅತ್ತ ತಿರುಗಿಸಿಬಿಡುತ್ತೇನೇನೋ ಎಂಬ ಹೆದರಿಕೆ. ಹೆದರಿಕೆ! ಹೌದು, ಅವನಿಗೆ ಹೆದರಿಕೆಯಾಗುತ್ತಿತ್ತು, ಇಷ್ಟು ದಿನ ಅದಕ್ಕೆ ಬೇರೆ ಏನೇನೋ ಹೆಸರು ಇಟ್ಟುಕೊಂಡಿದ್ದ. "ಸೇಫ್‌ಗಾರ್ಡ್," ಎಂದ. ಅಂಗಡಿಯವನು ಏನು ಕೇಳಿದರಪ್ಪಾ ಎಂದು ತಲೆಯೆತ್ತಿದ. "ಮೂರು ಸಲ ಹೇಳ್ಬೇಕು," ಎಂದಳು ಪ್ರತೀಕ್ಷಾ. ಎರಡನೆಯದನ್ನು ಹೇಳಿದ. ಮೂರನೆಯದು ಹೊರಗೆ ಬರಲಿಲ್ಲ, ತುಟಿ ಮಾತ್ರ ಅಲ್ಲಾಡಿತು, ಅವನು ಮೆಣಸಿನ ಗೋಣಿಯ ಅಂಚು ಹಿಡಿದುಕೊಂಡು ನಿಂತ. ಯಾಕೆ ಎಂದು ಅವಳು ಕೇಳಲಿಲ್ಲ. ಯಾವಾಗಿನಿಂದ ಎಂದು ಕೇಳಲಿಲ್ಲ. ನಕ್ಕಿದ್ದಕ್ಕೆ ಕ್ಷಮಿಸಿ ಎಂದು ಅಳಲೂ ಇಲ್ಲ. ಒಂದು ಕೈಯಲ್ಲಿ ಅವನ ಮಣಿಕಟ್ಟು ಹಿಡಿದು ಇನ್ನೊಂದು ಕೈಯಲ್ಲಿ ಫೋನ್ ಮಾಡಿದಳು. "ಇಂದುಮತಿ ಡಾಕ್ಟರಾ? ಪ್ರತೀಕ್ಷಾ. ಆ ಸ್ಯಾಂಪಲ್ ಮೂರು... ಅದು ಸ್ಯಾಂಪಲ್ ಅಲ್ಲ ಡಾಕ್ಟರ್. ನನ್ನ ಅಪ್ಪ. ಕರ್ಕೊಂಡು ಬರ್ತಾ ಇದ್ದೇನೆ." ಅವನು ರೈಲಿನ ಹೊತ್ತಾಯಿತು ಎಂದು ಏನೋ ತೊದಲಿದ. "ರೈಲು ಹೋಗ್ಲಿ ಅಪ್ಪ," ಎಂದಳು.

ಕ್ಲಿನಿಕ್ಕಿನ ಹಾಲು ಖಾಲಿಯಾಗಿತ್ತು, ಪರದೆ ಸುತ್ತಿಟ್ಟಿದ್ದರು. ಕರ್ನಲ್ಲರ ಕುರ್ಚಿಯ ಮೇಲೆ ಎಣ್ಣೆ ಹತ್ತಿದ ಕಾಗದವೊಂದು ಬಿದ್ದಿತ್ತು. ಡಾಕ್ಟರ ಬಾಗಿಲಲ್ಲಿ ಕೂತಿದ್ದ ನರ್ಸ್ ಕಲ್ಯಾಣಿ, ಇವರು ಬೆಳಿಗ್ಗೆ ಬಂದವರೇ ಎಂದು ಗುರುತಿಸಿಯೂ, ರೂಢಿಯಂತೆ ಟ್ಯಾಬ್ ಮುಂದೆ ಚಾಚಿದಳು. ಒಳಗೆ ಹೋಗುವವರೆಲ್ಲ ತುಂಬಲೇಬೇಕು. ಪ್ರತೀಕ್ಷಾ ಬೇಡ ಎನ್ನುವಷ್ಟರಲ್ಲಿ ಅವನು ತೆಗೆದುಕೊಂಡಿದ್ದ. ಬೆಂಚಿನ ತುದಿಯಲ್ಲಿ ಕೂತು, ಮೆಣಸಿನ ಪೊಟ್ಟಣವನ್ನು ಕಾಲಿನ ಬಳಿ ಇಟ್ಟು, ಕನ್ನಡಕ ಏರಿಸಿದ. ಯಾವ ಭಾಷೆ ಎಂದು ಕೇಳಿತು. ಕನ್ನಡ ಎಂದು ಒತ್ತಿದ. "ನೀನು ಆಚೆ ನೋಡು," ಎಂದ ಮಗಳಿಗೆ. ಅವಳು ಗೋಡೆಯ ಕಡೆ ಮುಖ ಮಾಡಿ ಕೂತಳು, ಶಾಲೆಯಲ್ಲಿ ಶಿಕ್ಷೆಗೆ ಕೂರಿಸಿದ ಹಾಗೆ. ನಿದ್ರೆ, ಊಟ, ಮನಸ್ಸು. ಸುಲಭವಿರಲಿಲ್ಲ. ಹೆಸರಿಲ್ಲದೆ ಹೇಳಿದ್ದಕ್ಕೂ ಮೇಲೆ ತನ್ನ ಹೆಸರು, ನಂಬರು ಇಟ್ಟುಕೊಂಡು ಹೇಳುವುದಕ್ಕೂ ವ್ಯತ್ಯಾಸವಿದೆ. ಬೆವರಿದ ಬೆರಳಿನ ಗುರುತು ಗಾಜಿನ ಮೇಲೆ ಉಳಿಯುತ್ತಿತ್ತು, ಶರ್ಟಿನ ಅಂಚಿನಲ್ಲಿ ಒರೆಸಿ ಒರೆಸಿ ಮುಂದೆ ಹೋದ. ಕೊನೆಯ ಪ್ರಶ್ನೆ ಬಂತು. ಅಲ್ಲಿ ಮತ್ತೆ ನಿಂತ. ಒಳಗಿನಿಂದ ಡಾಕ್ಟರು ಕುರ್ಚಿ ಸರಿಸಿದ ಸದ್ದು, ಹೊರಗೆ ಯಾರೋ ಬಕೆಟ್ಟು ಎಳೆದ ಸದ್ದು. ಮಗಳ ಬೆನ್ನು ಉಸಿರಿಗೆ ಏರಿ ಇಳಿಯುತ್ತಿತ್ತು. ಅವಳು ತಿರುಗಲಿಲ್ಲ, ಅವಸರ ಮಾಡಲಿಲ್ಲ. ಒತ್ತಿದ. ಕಳಿಸುವ ಮೊದಲು ಎಲ್ಲವನ್ನೂ ಒಮ್ಮೆ ನೋಡಿಕೊಳ್ಳಿ ಎಂದು ಅವನ ಉತ್ತರಗಳನ್ನೆಲ್ಲ ಸಾಲಾಗಿ ತೋರಿಸಿತು.

ಕೃಷ್ಣಾನಂದ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಟ್ಯಾಬನ್ನು ಮಗಳ ಮಡಿಲಲ್ಲಿಟ್ಟ.

"ಈಗ ನೋಡು," ಎಂದ.

ಅವಳು ತಿರುಗಿ, ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ಓದತೊಡಗಿದಳು.